ನೆಲದ ನಕ್ಷೆ, ನೆಲದಡಿಯ ನಕ್ಷೆ: ದಾಮೋದರ ಕಣಿವೆಯ ಕಲ್ಲಿದ್ದಲ ನಾಡು

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಭೂಗೋಳದ ವಿಚಾರಗಳನ್ನು ಕನ್ನಡದಲ್ಲಿ, ಎಲ್ಲರಿಗೂ ತೆರೆದ ಸಭೆಯಲ್ಲಿ ಚರ್ಚಿಸಬೇಕೆಂಬುದು ಈ ದತ್ತಿಯ ಆಶಯ. ಆ ಆಶಯಕ್ಕೆ ತಕ್ಕ ವಿಷಯವನ್ನು ಹುಡುಕುವಾಗ ನನ್ನ ಮನಸ್ಸು ಹೋದದ್ದು ದಾಮೋದರ ನದಿಯ ಕಣಿವೆಗೆ. ಇಂದಿನ ಪಶ್ಚಿಮ ಬಂಗಾಳದ ರಾಣಿಗಂಜ್–ಆಸನ್ಸೋಲ್ ಪ್ರದೇಶ ಮತ್ತು ಅದಕ್ಕೆ ಪಶ್ಚಿಮದಲ್ಲಿ ಜಾರ್ಖಂಡಿನ ಝರಿಯಾ–ಧನಬಾದ್ ಪ್ರದೇಶ, ಇವೆರಡೂ ಸೇರಿದ ಕಲ್ಲಿದ್ದಲ ನಾಡು ಅದು. ಭಾರತದ ಕಲ್ಲಿದ್ದಲ ಉದ್ಯಮ ಹುಟ್ಟಿದ್ದು ಅಲ್ಲಿ. ಎರಡೂವರೆ ಶತಮಾನದಿಂದ ಅಗೆಯುತ್ತಿರುವ ಆ ನೆಲವನ್ನು ಅಷ್ಟೇ ಕಾಲದಿಂದ ಅಳೆಯುತ್ತಲೂ ಬಂದಿದ್ದಾರೆ.

ಆ ನೆಲಕ್ಕೆ ನಾಲ್ಕು ಬಗೆಯ ನಕ್ಷೆಗಳಿವೆ. ಬೆಟ್ಟ, ಹಳ್ಳ, ಊರು, ದಾರಿಗಳನ್ನು ತೋರಿಸುವ ಸ್ಥಳಾಕೃತಿ ನಕ್ಷೆ ಒಂದು. ಶಿಲೆಗಳನ್ನೂ ಕಲ್ಲಿದ್ದಲ ಪದರಗಳನ್ನೂ ತೋರಿಸುವ ಭೂವೈಜ್ಞಾನಿಕ ನಕ್ಷೆ ಎರಡನೆಯದು. ಯಾರ ಹೊಲ ಎಲ್ಲಿಯವರೆಗೆ ಎಂದು ಹೇಳುವ ಗ್ರಾಮ ನಕ್ಷೆ ಮೂರನೆಯದು. ನೆಲದಡಿಯಲ್ಲಿ ಎಲ್ಲೆಲ್ಲಿ ಅಗೆದಾಗಿದೆ ಎಂಬುದನ್ನು ಗುರುತಿಸುವ ಗಣಿ ನಕ್ಷೆ ನಾಲ್ಕನೆಯದು. ಒಂದೊಂದನ್ನೂ ಒಂದೊಂದು ಕೈ ಬರೆಯಿತು, ಒಂದೊಂದು ಉದ್ದೇಶ ಬರೆಸಿತು. ಅವು ಒಂದರ ಮೇಲೊಂದು ಕೂಡಿ ಜನರ ಮುಂದೆ ಬಂದದ್ದು ಬಹಳ ಅಪರೂಪ. ಹಾಗೆ ಕೂಡದೆ ಉಳಿದದ್ದರ ಬೆಲೆಯನ್ನು ಆ ನೆಲದ ಮೇಲೆ ಬದುಕಿದವರೂ ಅದರೊಳಗೆ ದುಡಿದವರೂ ತೆತ್ತಿದ್ದಾರೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಅಗೆತ ಮೊದಲು, ಅಳತೆ ಆಮೇಲೆ

1774ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸುಯೆಟೋನಿಯಸ್ ಗ್ರಾಂಟ್ ಹೀಟ್ಲಿ ಮತ್ತು ಜಾನ್ ಸಮ್ನರ್ ಎಂಬಿಬ್ಬರು ವಾರನ್ ಹೇಸ್ಟಿಂಗ್ಸನ ಸರ್ಕಾರದಿಂದ ಈ ಭಾಗದಲ್ಲಿ ಕಲ್ಲಿದ್ದಲು ತೆಗೆಯಲು ಅನುಮತಿ ಪಡೆದರು. ಕಲ್ಕತ್ತೆಗೆ ಬಂದ ಕಲ್ಲಿದ್ದಲು ಇಂಗ್ಲೆಂಡಿನದಕ್ಕೆ ಸಾಟಿಯಲ್ಲವೆಂದು ತೀರ್ಮಾನವಾಗಿ ಕೆಲಸ ನಿಂತುಹೋಯಿತು. ಬಂಗಾಳದ ಸರ್ವೇಯರ್ ಜನರಲ್ ಜೇಮ್ಸ್ ರೆನೆಲ್ ತನ್ನ ಪ್ರಸಿದ್ಧ ಅಟ್ಲಾಸಿಗೆ ಬೇಕಾದ ಅಳತೆ ಮಾಡಿಸುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ರೆನೆಲ್‌ನ ನಕ್ಷೆಗಳು ಕಂದಾಯಕ್ಕೂ ಸೈನ್ಯದ ಓಡಾಟಕ್ಕೂ ಬೇಕಾದ ನದಿ, ರಸ್ತೆ, ಪಟ್ಟಣಗಳ ನಕ್ಷೆಗಳು. ನೆಲದಡಿಯ ವಿಚಾರ ಅವುಗಳ ಕೆಲಸವಾಗಿರಲಿಲ್ಲ.

1815ರ ಹೊತ್ತಿಗೆ ರೂಪರ್ಟ್ ಜೋನ್ಸ್ ಎಂಬಾತ ರಾಣಿಗಂಜಿನಲ್ಲಿ ಮತ್ತೆ ಅಗೆತ ಶುರುಮಾಡಿದ. ಅವನ ನಂತರ ಅಲೆಕ್ಸಾಂಡರ್ ಕಂಪನಿ, ಅದು ದಿವಾಳಿಯಾದ ಮೇಲೆ 1830ರ ದಶಕದ ನಡುವೆ ದ್ವಾರಕಾನಾಥ ಠಾಕೂರರ ಕಾರ್–ಟಾಗೋರ್ ಕಂಪನಿ, 1843ರಲ್ಲಿ ಬೆಂಗಾಲ್ ಕೋಲ್ ಕಂಪನಿ, ಹೀಗೆ ಒಡೆತನ ಕೈ ಬದಲಾಯಿಸುತ್ತ ಹೋಯಿತು. ಆ ಕಾಲದ ಗಣಿಗಳು ನದಿಯನ್ನು ಬಿಟ್ಟು ದೂರ ಹೋಗುವಂತಿರಲಿಲ್ಲ. ಮಳೆಗಾಲದಲ್ಲಿ ದಾಮೋದರ ತುಂಬಿದ ಕೆಲವೇ ವಾರಗಳಲ್ಲಿ ದೋಣಿಗಳಿಗೆ ಕಲ್ಲಿದ್ದಲು ತುಂಬಿ ಆಮ್ತಾ ಮಾರ್ಗವಾಗಿ ಕಲ್ಕತ್ತೆಗೆ ಕಳಿಸಬೇಕಿತ್ತು. ನಾರಾಯಣಕುಡಿಯಂಥ ಊರಿನ ನದೀಘಟ್ಟಗಳು ಬಂದರುಗಳಾದದ್ದು ಹಾಗೆ. ನೆಲದ ಮೇಲೇ ಕಪ್ಪು ಪದರ ಕಾಣುವಲ್ಲಿ ಕೆರೆ ತೋಡಿದ ಹಾಗೆ ತೆರೆದ ಗುಂಡಿ ತೋಡುತ್ತಿದ್ದರು. ನೀರು ನುಗ್ಗಿದಾಗ ಅದನ್ನು ಬಿಟ್ಟು ಪಕ್ಕದಲ್ಲಿ ಇನ್ನೊಂದು. ಇನ್ನು ಕೆಲವು ಕಡೆ ಕಿರಿದಾದ ಬಾವಿ ಇಳಿಸಿ, ಕೆಳಗೆ ಪದರ ಹೋದತ್ತ ಸುರಂಗ ಕೊರೆದರು.

ಆ ಗುಂಡಿ, ಬಾವಿ, ಸುರಂಗಗಳು ಎಲ್ಲಿದ್ದವೆಂದು ಬರೆದು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಕಾನೂನು ಆಗ ಇರಲಿಲ್ಲ. ಭಾರತದಲ್ಲಿ ಗಣಿಗಳ ಬಗ್ಗೆ ಮೊದಲ ಸಮಗ್ರ ಕಾನೂನು ಬಂದದ್ದು 1901ರಲ್ಲಿ. 1774ಕ್ಕೂ 1901ಕ್ಕೂ ನಡುವೆ 127 ವರ್ಷ. ಅಷ್ಟು ವರ್ಷದ ಅಗೆತದಲ್ಲಿ ಎಷ್ಟು ನಕ್ಷೆಗೆ ಬಂತು ಎಂಬುದು ಆಯಾ ಮಾಲೀಕನ ಮನಸ್ಸಿಗೆ, ಅವನ ಕಚೇರಿಯ ಶಿಸ್ತಿಗೆ ಬಿಟ್ಟದ್ದಾಗಿತ್ತು. ಮುಂದೆ ಬರುವ ದುರಂತಗಳ ಬೇರು ಇಲ್ಲಿದೆ.

ಬೆಂಗಳೂರಿನಿಂದ ಹೊರಟ ತ್ರಿಕೋನಗಳು

ಒಂದು ಪ್ರದೇಶದ ನಕ್ಷೆ ನಂಬುವಂತಿರಬೇಕಾದರೆ ಅದರೊಳಗೆ ಕೆಲವು ಬಿಂದುಗಳ ಸ್ಥಾನ ಅಲುಗಾಡದಂತೆ ನಿಂತಿರಬೇಕು. ಆ ಕೆಲಸದಲ್ಲಿ ಕನ್ನಡ ನಾಡಿಗೂ ಪಾಲಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದ. ಅಲ್ಲಿ ಪಡೆದ ಅನುಭವದ ಮೇಲೆ 1802ರಲ್ಲಿ ಮದರಾಸಿನಲ್ಲಿ ಮಹಾ ತ್ರಿಕೋನಮಾಪನ ಶುರುವಾಯಿತು. ಒಂದು ರೇಖೆಯ ಉದ್ದ ಗೊತ್ತಾದರೆ, ಅದರ ಎರಡು ತುದಿಗಳಿಂದ ಒಂದು ಬೆಟ್ಟದ ನೆತ್ತಿಗೆ ಆಗುವ ಕೋನಗಳನ್ನು ಥಿಯೋಡೊಲೈಟಿನಲ್ಲಿ ಓದಿ, ನಡೆದು ಹೋಗದೆಯೇ ಆ ಬೆಟ್ಟದ ದೂರವನ್ನು ಲೆಕ್ಕ ಹಾಕಬಹುದು. ಆ ಹೊಸ ಗೆರೆಯ ಮೇಲೆ ಮತ್ತೊಂದು ತ್ರಿಕೋನ. ಹೀಗೆ ಬೆಳೆದ ಸರಣಿ 1815ರಲ್ಲಿ ಬೀದರ್ ಬಳಿಯ ಆಧಾರರೇಖೆಯನ್ನೂ 1825ರ ಹೊತ್ತಿಗೆ ಮಧ್ಯಭಾರತದ ಸಿರೋಂಜನ್ನೂ ಮುಟ್ಟಿತು. ಸಿರೋಂಜಿನಿಂದ ಪೂರ್ವಕ್ಕೆ ತಿರುಗಿದ ಇನ್ನೊಂದು ಸರಣಿ ಛೋಟಾನಾಗಪುರದ ಬೆಟ್ಟಗಳನ್ನು ದಾಟಿ ಕಲ್ಕತ್ತೆಗೆ ಹೋಯಿತು. 1831–32ರಲ್ಲಿ ಜಾರ್ಜ್ ಎವರೆಸ್ಟ್ ಕಲ್ಕತ್ತೆಯಲ್ಲಿ ಆಧಾರರೇಖೆ ಅಳೆದು ಅದನ್ನು ಪರೀಕ್ಷಿಸಿದ.

ಮೈಸೂರು ಸೀಮೆಯ ಬಯಲಿನಲ್ಲಿ ಕಲಿತ ವಿದ್ಯೆ ದಾಮೋದರ ಕಣಿವೆಯ ಸೀಮೆಗೆ ತಲುಪಿದ್ದು ಈ ದಾರಿಯಲ್ಲಿ. ಸರಪಳಿ ಎಳೆದವರು, ಭಾರವಾದ ಉಪಕರಣವನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿದವರು, ರಾತ್ರಿ ದೂರದ ನೆತ್ತಿಯಲ್ಲಿ ದೀಪ ಹಿಡಿದು ಕೂತವರು ಖಲಾಸಿಗಳು. ಜ್ವರಕ್ಕೆ, ಕಾಡಿಗೆ ಅವರಲ್ಲಿ ಎಷ್ಟೋ ಜನ ಬಲಿಯಾದರು. ಹಾಳೆಯ ಅಂಚಿನಲ್ಲಿ ಅಧಿಕಾರಿಗಳ ಹೆಸರು ಅಚ್ಚಾಯಿತು, ಇವರದು ಆಗಲಿಲ್ಲ. ನಾವು ಇಂದು ಆ ಅಳತೆಗಳನ್ನು ಬಳಸುವಾಗ ಇವರ ದುಡಿಮೆಯನ್ನೂ ಬಳಸುತ್ತಿದ್ದೇವೆ ಎಂಬ ಅರಿವು ಇರಬೇಕು.

ಶಿಲೆಯನ್ನು ಓದಿದವರು

ಹಬೆಹಡಗುಗಳು ಬಂದ ಮೇಲೆ ಕಲ್ಲಿದ್ದಲಿನ ಬೆಲೆ ಏರಿತು. 1836ರಲ್ಲಿ ಕಲ್ಕತ್ತೆಯಲ್ಲಿ ಒಂದು ಕಲ್ಲಿದ್ದಲು ಸಮಿತಿ ರಚನೆಯಾಯಿತು. ದೇಶದ ಮೂಲೆಮೂಲೆಯ ಕಲ್ಲಿದ್ದಲ ಸುದ್ದಿಯನ್ನು ಕೂಡಿಸಿದ ಆ ಸಮಿತಿ, ಇದಕ್ಕೆ ತರಬೇತಾದ ಭೂವಿಜ್ಞಾನಿಗಳೇ ಬೇಕು ಎಂದಿತು. ಬ್ರಿಟನ್ನಿನ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಪಳಗಿದ್ದ ಡೇವಿಡ್ ಹೈರಮ್ ವಿಲಿಯಮ್ಸ್ 1846ರಲ್ಲಿ ಬಂದ. ದಾಮೋದರ ಕಣಿವೆಯಲ್ಲಿ ಮೂರು ವರ್ಷವೂ ಪೂರೈಸಲಿಲ್ಲ, 1848ರಲ್ಲಿ ಕಾಡುಜ್ವರಕ್ಕೆ ತೀರಿಕೊಂಡ. ಅವನ ವರದಿ ಅಚ್ಚಾದದ್ದು ಅವನ ಸಾವಿನ ನಂತರ. 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಕಲ್ಕತ್ತೆಗೆ ಬಂದಿಳಿದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಹುಟ್ಟನ್ನು ಅಲ್ಲಿಂದ ಎಣಿಸುತ್ತೇವೆ. ಈ ದೇಶದಲ್ಲಿ ಭೂವಿಜ್ಞಾನಕ್ಕೆ ಒಂದು ಸರ್ಕಾರಿ ಇಲಾಖೆ ಹುಟ್ಟಲು ಮುಖ್ಯ ಕಾರಣ ಕಲ್ಲಿದ್ದಲು.

1855ರ ಫೆಬ್ರವರಿಯಲ್ಲಿ ಹೌರಾದಿಂದ ರಾಣಿಗಂಜಿನವರೆಗೆ ರೈಲು ಓಡಿತು. ಗಣಿಗಳು ನದಿಯ ಹಂಗು ಕಳೆದುಕೊಂಡವು. ಇನ್ನು ಪದರ ಎಲ್ಲಿದೆಯೋ ಅಲ್ಲಿಗೆ ಹಳಿ ಹೋಗಬಹುದಿತ್ತು. ಹಾಗಾದರೆ ಪದರ ಎಲ್ಲೆಲ್ಲಿದೆ? ಈ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಕೊಟ್ಟವನು ವಿಲಿಯಂ ಥಾಮಸ್ ಬ್ಲಾನ್‌ಫರ್ಡ್. 1858ರಿಂದ 1860ರವರೆಗೆ ರಾಣಿಗಂಜ್ ಕ್ಷೇತ್ರವನ್ನು ಅವನು ಸರ್ವೆ ಮಾಡಿದ. ಕೆಳಗಿನಿಂದ ಮೇಲಕ್ಕೆ ತಾಲ್ಚೀರ್, ದಾಮುದಾ, ಪಂಚೇತ್ ಎಂದು ಶಿಲಾಸ್ತರಗಳನ್ನು ವಿಂಗಡಿಸಿ, ಕಲ್ಲಿದ್ದಲೆಲ್ಲ ಇರುವುದು ನಡುವಿನ ದಾಮುದಾ ಸ್ತರಗಳಲ್ಲಿ ಎಂದು ತೋರಿಸಿದ. ಬರಾಕರ್ ಎಂಬ ಊರಿನ, ರಾಣಿಗಂಜ್ ಎಂಬ ಪೇಟೆಯ, ಪಂಚೇತ್ ಎಂಬ ಗುಡ್ಡದ ಹೆಸರುಗಳು ಹೀಗೆ ಭೂವಿಜ್ಞಾನದ ಶಾಶ್ವತ ಪರಿಭಾಷೆಯಲ್ಲಿ ಸೇರಿದವು. ಝರಿಯಾ ಕ್ಷೇತ್ರದ ಬಗ್ಗೆ ಟಿ. ಡಬ್ಲ್ಯು. ಎಚ್. ಹ್ಯೂಸ್ ಬರೆದ ಗ್ರಂಥ 1866ರಲ್ಲಿ ಬಂತು. ಝರಿಯಾಕ್ಕೆ ರೈಲು ಬಂದದ್ದು 1890ರ ದಶಕದಲ್ಲಿ. ಅಲ್ಲಿ ನಕ್ಷೆ ಗಣಿಗಿಂತ ಸುಮಾರು ಮೂವತ್ತು ವರ್ಷ ಮುಂದಿತ್ತು. ಎಲ್ಲಿ ಅಗೆಯಬೇಕೆಂದು ಬಂಡವಾಳಕ್ಕೆ ಮೊದಲೇ ಗೊತ್ತಿತ್ತು.

ಈ ಕ್ಷೇತ್ರದ ರಚನೆಯನ್ನು ಒಂದು ಹೋಲಿಕೆಯಿಂದ ಹೇಳುತ್ತೇನೆ. ಒಂದರೊಳಗೊಂದು ಜೋಡಿಸಿಟ್ಟ ಊಟದ ತಟ್ಟೆಗಳನ್ನು ದಕ್ಷಿಣಕ್ಕೆ ವಾಲಿಸಿ ಇಟ್ಟರೆ ಅವುಗಳ ಉತ್ತರದ ಅಂಚುಗಳು ಸಾಲಾಗಿ ಮೇಲೆ ಕಾಣುತ್ತವೆ. ಝರಿಯಾದ ಕಲ್ಲಿದ್ದಲ ಪದರಗಳು ಹಾಗಿವೆ. ಉತ್ತರದಲ್ಲಿ ಒಂದೊಂದು ಪದರವೂ ನೆಲದ ಮೇಲೆ ಇಣುಕುತ್ತದೆ. ದಕ್ಷಿಣಕ್ಕೆ ಹೋದಂತೆ ಆಳಕ್ಕೆ ಇಳಿಯುತ್ತದೆ. ದಕ್ಷಿಣದ ಅಂಚಿನಲ್ಲಿ ದೊಡ್ಡದೊಂದು ಸ್ತರಭಂಗ ಎಲ್ಲವನ್ನೂ ಕತ್ತರಿಸುತ್ತದೆ. ಪದರಗಳನ್ನು ಅಡಿಯಿಂದ ಎಣಿಸಿ ರೋಮನ್ ಅಂಕಿಗಳಲ್ಲಿ ಹೆಸರಿಸಿದ್ದಾರೆ. ಎಲ್ಲೆಲ್ಲಿ ಕರಗಿದ ಶಿಲೆ ಕೆಳಗಿನಿಂದ ನುಗ್ಗಿತ್ತೋ ಅಲ್ಲೆಲ್ಲ ಕಲ್ಲಿದ್ದಲು ಸುಟ್ಟು ಕೋಕಿನಂತಾಗಿದೆ. ಅಲ್ಲಿನ ಕೆಲಸಗಾರರು ಅದನ್ನು ಝಾಮಾ ಎನ್ನುತ್ತಾರೆ.

1920ರ ದಶಕದಲ್ಲಿ ಎರಡೂ ಕ್ಷೇತ್ರಗಳ ಮರುಸರ್ವೆಯಾಯಿತು. ಝರಿಯಾವನ್ನು ಸಿರಿಲ್ ಫಾಕ್ಸ್, ರಾಣಿಗಂಜನ್ನು ಇ. ಆರ್. ಗೀ ಮೈಲಿಗೆ ನಾಲ್ಕು ಇಂಚಿನ ಪ್ರಮಾಣದಲ್ಲಿ ಬರೆದರು. ಫಾಕ್ಸ್‌ನ ಗ್ರಂಥ 1930ರಲ್ಲಿ, ಗೀಯದು 1932ರಲ್ಲಿ ಹೊರಬಂತು. ಮೈಲಿಗೆ ಒಂದು ಇಂಚಿನ ಹಾಳೆಯಲ್ಲಿ ಒಂದು ಚದರ ಮೈಲಿಗೆ ಸಿಗುವ ಜಾಗ ಒಂದು ಚದರ ಇಂಚು. ನಾಲ್ಕು ಇಂಚಿನ ಹಾಳೆಯಲ್ಲಿ ಅದೇ ನೆಲಕ್ಕೆ ಹದಿನಾರು ಚದರ ಇಂಚು. ಪದರದ ಅಂಚು, ಸ್ತರಭಂಗ, ಗಣಿಬಾವಿ, ಎಲ್ಲವೂ ಒಂದೇ ಹಾಳೆಯಲ್ಲಿ ಕೂರಲು ಅಷ್ಟಾದರೂ ಜಾಗ ಬೇಕಿತ್ತು.

ಒಂದು ನೆಲ, ಎರಡು ಒಡೆತನ

ಮೂರನೆಯ ನಕ್ಷೆ ಮೌಜಾ ನಕ್ಷೆ. ನಮ್ಮ ಗ್ರಾಮ ನಕ್ಷೆಯ ಕೆಲಸವನ್ನೇ ಅಲ್ಲಿ ಅದು ಮಾಡುತ್ತದೆ. ಹೊಲ, ಗದ್ದೆ, ಕೆರೆ, ಬಾಂದು, ತೋಪು, ಸ್ಮಶಾನ, ಕಾಲುದಾರಿಗಳೆಲ್ಲ ಅದರಲ್ಲಿವೆ. ಝರಿಯಾ ಆಗ ಮಾನ್‌ಭೂಮ್ ಜಿಲ್ಲೆಯಲ್ಲಿತ್ತು. ಬಿ. ಕೆ. ಗೋಖಲೆಯವರ ನೇತೃತ್ವದಲ್ಲಿ 1918ರಿಂದ 1925ರವರೆಗೆ ಅಲ್ಲಿ ಸರ್ವೆ–ಸೆಟಲ್‌ಮೆಂಟ್ ನಡೆಯಿತು. ಮೈಲಿಗೆ ಹದಿನಾರು ಇಂಚಿನ ಈ ಹಾಳೆಗಳಲ್ಲಿ ರೈತನ ಒಂದೊಂದು ತುಂಡು ಭೂಮಿಗೂ ನಂಬರು ಸಿಕ್ಕಿತು.

ಆದರೆ ಆ ನಂಬರು ಮೇಲ್ಮೈಗೆ ಮಾತ್ರ. ಖಾಯಂ ಜಮೀನ್ದಾರಿಯ ನಾಡಿನಲ್ಲಿ ನೆಲದಡಿಯ ಹಕ್ಕು ಯಾರದು ಎಂಬ ಪ್ರಶ್ನೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. 1910ರಲ್ಲಿ, ಮತ್ತೆ 1912ರಲ್ಲಿ, ಮಾನ್‌ಭೂಮಿನಿಂದ ಹೋದ ಮೊಕದ್ದಮೆಗಳಲ್ಲಿ ಬಂದ ತೀರ್ಪಿನ ಸಾರ ಇದು: ಜಮೀನ್ದಾರ ಕೊಟ್ಟ ಪತ್ರದಲ್ಲಿ ಖನಿಜದ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿಲ್ಲವಾದರೆ ಅದು ಜಮೀನ್ದಾರನಲ್ಲೇ ಉಳಿಯುತ್ತದೆ. ತಲೆಮಾರುಗಳಿಂದ ಉಳುತ್ತ ಬಂದವನಿಗೆ ಮೇಲಿನ ಮಣ್ಣು, ಜಮೀನ್ದಾರನಿಗೆ ಕೆಳಗಿನ ಕಲ್ಲಿದ್ದಲು. ಜಮೀನ್ದಾರರು ಸಲಾಮಿ (ಗುತ್ತಿಗೆ ಕೊಡುವಾಗ ಪಡೆಯುವ ಮುಂಗಾಣಿಕೆ) ಮತ್ತು ರಾಯಲ್ಟಿಯ ಆಸೆಗೆ ಆ ಹಕ್ಕನ್ನು ತುಂಡುತುಂಡಾಗಿ ಗುತ್ತಿಗೆಗೆ ಕೊಟ್ಟರು. ತುಂಡಿನ ಗಡಿ ಯಾವುದು? ಮೇಲಿನ ಗ್ರಾಮದ ಗಡಿಯನ್ನೇ ಲಂಬವಾಗಿ ಕೆಳಗಿಳಿಸಿದರು.

ಇದರ ಪರಿಣಾಮವನ್ನು ಸ್ವಲ್ಪ ನಿಂತು ಯೋಚಿಸೋಣ. ಗ್ರಾಮದ ಗಡಿ ಹಳ್ಳದ ತಿರುವನ್ನೋ ಹೊಲದ ಬದುವನ್ನೋ ಅನುಸರಿಸಿ ಅಂಕುಡೊಂಕಾಗಿ ಹೋಗುತ್ತದೆ. ಕೆಳಗಿನ ಪದರಕ್ಕೆ ಆ ತಿರುವುಗಳ ಪರಿವೆಯಿಲ್ಲ, ಅದು ದಕ್ಷಿಣಕ್ಕೆ ಇಳಿಯುತ್ತಲೇ ಇರುತ್ತದೆ. ಒಬ್ಬ ಗುತ್ತಿಗೆದಾರ ಪದರದ ಇಳಿಜಾರಿನಲ್ಲೇ ಅಗೆಯುತ್ತ ಗಡಿಗೆ ಬಂದು ನಿಲ್ಲಬೇಕು. ಗಡಿಯಾಚೆ ಮತ್ತೊಬ್ಬನ ಸುರಂಗ ಇರುತ್ತದೆ. ನಡುವೆ ಕಲ್ಲಿದ್ದಲ ಗೋಡೆಯೊಂದನ್ನು ಅಗೆಯದೆ ಬಿಡಬೇಕು. ಕತ್ತಲಲ್ಲಿ, ನೆಲದಡಿಯಲ್ಲಿ, ಆ ಗಡಿ ಎಲ್ಲಿದೆ ಎಂದು ಹೇಳುವುದು ಸರ್ವೇಯರನ ಅಳತೆ ಮಾತ್ರ. ಆ ಕಾಲದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಉಪಕರಣ ಕಾಂತಸೂಜಿಯ ಡಯಲ್. ಕಬ್ಬಿಣದ ಹಳಿ ಹತ್ತಿರವಿದ್ದರೆ ಸೂಜಿ ದಾರಿ ತಪ್ಪುತ್ತದೆ. ಪ್ರತಿ ತಿರುವಿನಲ್ಲಿ ಆದ ಚಿಕ್ಕ ತಪ್ಪು ಮುಂದಿನ ತಿರುವಿಗೆ ಸೇರುತ್ತ ಹೋಗುತ್ತದೆ. ಕಾಗದದ ಮೇಲೆ ದಪ್ಪಗಿರುವ ಗೋಡೆ ನೆಲದಡಿಯಲ್ಲಿ ತೆಳ್ಳಗಿರುವ ಸಾಧ್ಯತೆ ಅಲ್ಲಿಂದಲೇ ಹುಟ್ಟಿತು.

ಇಂಚಿನ ಹಾಳೆಯಲ್ಲಿ ಕಾಣುವುದು

ಸ್ಥಳಾಕೃತಿ ನಕ್ಷೆಗೆ ಈಗ ಬರುತ್ತೇನೆ. 1905ರ ಸಮಿತಿಯ ಶಿಫಾರಸಿನ ಮೇಲೆ ಇಡೀ ದೇಶವನ್ನು ಮೈಲಿಗೆ ಒಂದು ಇಂಚಿನ ಪ್ರಮಾಣದಲ್ಲಿ, ಸಮೋನ್ನತಿ ರೇಖೆಗಳ ಸಹಿತ, ಬಣ್ಣದಲ್ಲಿ ಮುದ್ರಿಸುವ ಕೆಲಸ ಆರಂಭವಾಯಿತು. ಒಂದೊಂದು ಹಾಳೆಗೂ ಹದಿನೈದು ಮಿನಿಟು ಅಕ್ಷಾಂಶ, ಹದಿನೈದು ಮಿನಿಟು ರೇಖಾಂಶದ ನೆಲ. ನಮ್ಮ ಪದವಿ ತರಗತಿಯ ವಿದ್ಯಾರ್ಥಿಗಳು ಟೋಪೋಶೀಟ್ ಎಂದು ಕರೆಯುವುದು ಇದನ್ನೇ. ಝರಿಯಾ ಪೇಟೆ 73 ಐ/6ರಲ್ಲಿ, ಆಸನ್ಸೋಲ್ 73 ಐ/14ರಲ್ಲಿ, ರಾಣಿಗಂಜ್ 73 ಎಂ/2ರಲ್ಲಿ ಬೀಳುತ್ತವೆ.

ಇಂಥ ಹಾಳೆಯನ್ನು ಹರಡಿಕೊಂಡು ಕೂತರೆ ಕಲ್ಲಿದ್ದಲ ನಾಡು ಒಂದು ಹಳ್ಳಿಗಾಡು ಎಂಬುದು ಮೊದಲು ಕಣ್ಣಿಗೆ ಬೀಳುತ್ತದೆ. ಕಂದು ಗೆರೆಗಳು ಅಲೆಯಲೆಯಾಗಿ ಏರಿಳಿಯುವ ದಿಣ್ಣೆಗಳನ್ನು ತೋರಿಸುತ್ತವೆ. ದಿಣ್ಣೆಗಳ ನಡುವೆ ಮಳೆನೀರನ್ನು ತಡೆಯುವ ಸಣ್ಣ ಕೆರೆಗಳು, ಅವುಗಳ ಕೆಳಗೆ ಭತ್ತದ ಗದ್ದೆ. ಸಂತಾಲರ, ಬಾವುರಿಗಳ ಊರುಗಳು ಕೆಂಪು ಚುಕ್ಕೆಗಳಾಗಿ ಚದುರಿವೆ. ಈ ಹಿನ್ನೆಲೆಯ ಮೇಲೆ ಗಣಿಯ ಗುರುತುಗಳು ಬಂದು ಕೂತಿವೆ: ರೈಲಿನ ಮುಖ್ಯದಾರಿಯಿಂದ ಕವಲೊಡೆದು ಗಣಿಬಾಯಿಗೆ ಹೋಗುವ ಹಳಿ, ಚಿಮಣಿ, ದಾಮೋದರದ ಮರಳನ್ನು ಗಣಿಗಳಿಗೆ ಸಾಗಿಸುವ ತೂಗುಹಗ್ಗದ ದಾರಿ, ಕಾರ್ಮಿಕರ ಸಾಲುಮನೆಗಳ ಧೌರಾ. ಊರಿನ ಹೆಸರಿನ ಪಕ್ಕದಲ್ಲೇ ಕೋಲಿಯರಿಯ ಹೆಸರು. ದಶಕಗಳ ನಂತರದ ಮುದ್ರಣವನ್ನು ಪಕ್ಕದಲ್ಲಿಟ್ಟರೆ ಕೋಲಿಯರಿಯ ಹೆಸರು ಉಳಿದು ಊರು ಕಳೆದುಹೋಗಿರುವ ಜಾಗಗಳೂ ಸಿಗುತ್ತವೆ.

ಸ್ಥಳಾಕೃತಿ ನಕ್ಷೆ ಪ್ರಾಮಾಣಿಕ. ಕಂಡದ್ದನ್ನು ಕಂಡಷ್ಟು ಬರೆಯುತ್ತದೆ. ಆದರೆ ಅದು ನೋಡುವುದು ಮೇಲಿನಿಂದ. ಒಂದು ಕೆರೆಯ ಕೆಳಗೆ ಹತ್ತು ಮೀಟರ್ ಆಳದಲ್ಲಿ ಟೊಳ್ಳಿದೆಯೋ ಇಲ್ಲವೋ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ರೈತ ಆ ಕೆರೆಯ ನೀರು ಒಂದೇ ಬೇಸಿಗೆಯಲ್ಲಿ ಇಂಗಿದ್ದನ್ನು ಕಂಡು ಕೆಳಗೆ ಏನೋ ನಡೆದಿದೆ ಎಂದು ತಿಳಿದುಕೊಳ್ಳುತ್ತಾನೆ. ಅವನ ಈ ತಿಳಿವಳಿಕೆಗೆ ಯಾವ ನಕ್ಷೆಯಲ್ಲೂ ಗುರುತಿಲ್ಲ.

ಟೊಳ್ಳಿನ ನಕ್ಷೆ

ನಾಲ್ಕನೆಯದು, ಅತ್ಯಂತ ಮುಖ್ಯವಾದದ್ದು, ಗಣಿ ನಕ್ಷೆ. ದಾಮೋದರ ಕಣಿವೆಯ ನೆಲದಡಿಯ ಗಣಿಗಳಲ್ಲಿ ಬಹುಪಾಲು ನಡೆದದ್ದು ಬೋರ್ಡ್ ಅಂಡ್ ಪಿಲ್ಲರ್ ಪದ್ಧತಿ. ಪದರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಸುರಂಗ ಕೊರೆದು, ನಡುವೆ ಕಲ್ಲಿದ್ದಲ ಕಂಬಗಳನ್ನು ಮೇಲ್ಛಾವಣಿಯ ಆಧಾರಕ್ಕೆ ಬಿಡುವುದು. ಆಮೇಲೆ ಆ ಕಂಬಗಳನ್ನೂ ತೆಗೆಯುವುದುಂಟು. ತೆಗೆದ ಜಾಗಕ್ಕೆ ನೀರಿನೊಡನೆ ಮರಳು ಹಾಯಿಸಿ ತುಂಬಿದರೆ ಮೇಲಿನ ನೆಲ ನಿಲ್ಲುತ್ತದೆ. ತುಂಬದೆ ಬಿಟ್ಟರೆ ಒಂದು ದಿನ ಕುಸಿಯುತ್ತದೆ. ಮರಳು ತುಂಬುವುದಕ್ಕೆಂದೇ 1939ರಲ್ಲಿ ಒಂದು ಕಾನೂನು ಬಂತು. ಅಷ್ಟರಲ್ಲಿ ತುಂಬದೆ ಬಿಟ್ಟದ್ದು ಬಹಳವಾಗಿತ್ತು.

ಟೊಳ್ಳಿಗೆ ಎರಡು ಶತ್ರುಗಳು. ಒಂದು ಬೆಂಕಿ. ಬಿರುಕಿನಲ್ಲಿ ಗಾಳಿ ಒಳನುಗ್ಗಿದರೆ ಉಳಿದ ಕಲ್ಲಿದ್ದಲು ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಝರಿಯಾ ಕ್ಷೇತ್ರದಲ್ಲಿ ಅಂಥ ಬೆಂಕಿ ಮೊದಲು ದಾಖಲಾದದ್ದು 1916ರಲ್ಲಿ, ಭೌರಾದಲ್ಲಿ. ನೂರು ವರ್ಷ ದಾಟಿದರೂ ಸುಮಾರು 450 ಚದರ ಕಿಲೋಮೀಟರಿನ ಆ ಕ್ಷೇತ್ರದಲ್ಲಿ ಬೆಂಕಿ ಪೂರ್ತಿ ಆರಿಲ್ಲ. ಎರಡನೆಯದು ನೀರು. ಬಿಟ್ಟ ಗಣಿಯಲ್ಲಿ ವರ್ಷಗಟ್ಟಲೆ ಮಳೆನೀರು ಇಳಿದು ತುಂಬುತ್ತದೆ. ನೀರು ತುಂಬಿದ ಹಳೆಯ ಗಣಿಯಿಂದ 60 ಮೀಟರಿನೊಳಗೆ ಅನುಮತಿಯಿಲ್ಲದೆ ಅಗೆಯಬಾರದೆಂದು ಕಲ್ಲಿದ್ದಲು ಗಣಿ ನಿಯಮಾವಳಿ ಹೇಳುತ್ತದೆ. ಆ 60 ಮೀಟರನ್ನು ಎಲ್ಲಿಂದ ಅಳೆಯಬೇಕು? ಹಳೆಯ ನಕ್ಷೆಯ ಕೊನೆಯ ಗೆರೆಯಿಂದ. ಆ ಗೆರೆ ತಪ್ಪಿದ್ದರೆ ನಿಯಮ ಪಾಲಿಸಿಯೂ ಪ್ರಯೋಜನವಿಲ್ಲ.

1975ರ ಡಿಸೆಂಬರ್ 27ರಂದು ಝರಿಯಾ ಕ್ಷೇತ್ರದ ಚಾಸ್ನಾಲಾದಲ್ಲಿ ಮೇಲಿದ್ದ ಹಳೆಯ ಗಣಿಯ ನೀರು ಕೆಳಗಿನ ಗಣಿಗೆ ನುಗ್ಗಿತು. ಸತ್ತವರು ಸುಮಾರು 375 ಮಂದಿ. 2001ರ ಫೆಬ್ರವರಿ 2ರಂದು ಬಾಗ್ಡಿಗಿ ಗಣಿಗೆ ಪಕ್ಕದ ಹಳೆಯ ಗಣಿಯ ನೀರು ನುಗ್ಗಿ 29 ಮಂದಿ ತೀರಿಕೊಂಡರು. ಇವರನ್ನೆಲ್ಲ ಕೊಂದ ನೀರು ಆ ದಿನ ಹುಟ್ಟಿದ್ದಲ್ಲ. ದಶಕಗಳ ಹಿಂದೆ ಯಾರೋ ಅಗೆದು ಬಿಟ್ಟ ಟೊಳ್ಳಿನಲ್ಲಿ ಅದು ಕೂಡಿಕೊಂಡಿತ್ತು.

ರಾಣಿಗಂಜಿನ ಮಹಾಬೀರ್ ಕೋಲಿಯರಿಯ ಕಥೆ ಇದೇ ವಿಷಯದ ಇನ್ನೊಂದು ಮುಖ. 1989ರ ನವೆಂಬರ್ 13ರಂದು ಅಲ್ಲಿಯೂ ಹಳೆಯ ನೀರು ನುಗ್ಗಿತು. ಆರು ಜನ ಸತ್ತರು, 65 ಜನ ನೆಲದಡಿಯಲ್ಲಿ ಸಿಕ್ಕಿಕೊಂಡರು. ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಮೇಲಿನಿಂದ ಅಗಲವಾದ ಕೊಳವೆಬಾವಿ ಕೊರೆಸಿ, ಉಕ್ಕಿನ ಪಂಜರದಲ್ಲಿ ತಾವೇ ಕೆಳಗಿಳಿದು ಆ 65 ಜನರನ್ನೂ ಒಬ್ಬೊಬ್ಬರಾಗಿ ಮೇಲೆ ಕಳಿಸಿದರು. ಅವರ ಧೈರ್ಯವನ್ನು ದೇಶ ನೆನೆಯುತ್ತದೆ, ನೆನೆಯಲೇಬೇಕು. ನಕ್ಷೆಯ ವಿದ್ಯಾರ್ಥಿಯಾಗಿ ನಾನು ಒಂದು ಮಾತು ಸೇರಿಸುತ್ತೇನೆ. ಮೇಲಿನ ವಿಶಾಲ ನೆಲದಲ್ಲಿ ಎಲ್ಲಿ ಕೊರೆದರೆ ಕೆಳಗೆ ಜನ ನಿಂತಿರುವ ಇಕ್ಕಟ್ಟಾದ ಸುರಂಗಕ್ಕೆ ತೂತು ಬೀಳುತ್ತದೆ ಎಂಬುದನ್ನು ಹೇಳಬಲ್ಲದ್ದು ಮೇಲಿನ ಅಳತೆಗೂ ಕೆಳಗಿನ ಅಳತೆಗೂ ಇರುವ ಹೊಂದಾಣಿಕೆ. ಎರಡು ನಕ್ಷೆಗಳು ಸರಿಯಾಗಿ ಕೂಡಿದ ಕಡೆ ಜೀವ ಉಳಿಯುತ್ತದೆ.

ಹಳೆಯ ಹಾಳೆಯನ್ನು ಇಂದಿನ ನೆಲಕ್ಕೆ ಕೂಡಿಸುವುದು

ಹಾಗಾದರೆ ಹಳೆಯ ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿ ಒಂದರ ಮೇಲೊಂದು ಇಟ್ಟರಾಯಿತಲ್ಲ ಎನ್ನಬಹುದು. ಇಡಬೇಕು, ಆದರೆ ಅದಕ್ಕೆ ಶ್ರಮವಿದೆ. ಹತ್ತೊಂಬತ್ತನೆಯ ಶತಮಾನದ ಭಾರತೀಯ ಹಾಳೆಗಳ ರೇಖಾಂಶ ಮದರಾಸಿನ ವೀಕ್ಷಣಾಲಯದ ಅಂದಿನ ಲೆಕ್ಕವನ್ನು ಆಧರಿಸಿತ್ತು. ಆ ಲೆಕ್ಕದಲ್ಲಿ ಸುಮಾರು 2 ಮಿನಿಟು 27 ಸೆಕೆಂಡಿನ ವ್ಯತ್ಯಾಸವಿತ್ತೆಂದು ನಂತರ ಗೊತ್ತಾಯಿತು. ಝರಿಯಾದ ಅಕ್ಷಾಂಶದಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು. ತಿದ್ದದೆ ಕೂಡಿಸಿದರೆ ಒಂದು ಊರಿನ ಹಳೆಯ ಗಣಿಬಾವಿ ಪಕ್ಕದ ಊರಿನ ಕೆಳಗೆ ಹೋಗಿ ಕೂರುತ್ತದೆ. ಇಪ್ಪತ್ತನೆಯ ಶತಮಾನದ ಹಾಳೆಗಳು ಎವರೆಸ್ಟ್ ಗೋಳಾಭವನ್ನು ಆಧರಿಸಿದವು. ಉಪಗ್ರಹ ಹೇಳುವ ಸ್ಥಾನಕ್ಕೂ ಅವಕ್ಕೂ ನೂರಾರು ಮೀಟರಿನ ಅಂತರ ಬರುತ್ತದೆ. ಗಣಿ ಕಂಪನಿಗಳ ಹಾಳೆಗಳಲ್ಲಂತೂ ಎಷ್ಟೋ ಸಲ ತಮ್ಮದೇ ಗಣಿಬಾವಿಯನ್ನು ಮೂಲಬಿಂದುವಾಗಿ ಹಿಡಿದ ಅಳತೆ. ಆ ಬಾವಿ ನೆಲದ ಮೇಲೆ ಇಂದು ಸಿಕ್ಕದಿದ್ದರೆ ಇಡೀ ಹಾಳೆಗೆ ನೆಲೆಯಿಲ್ಲ. ದೇವಸ್ಥಾನ, ರಸ್ತೆಯ ಕೂಡು, ಹಳೆಯ ಸೇತುವೆ, ಊರಿನ ಗಡಿಕಲ್ಲು, ಹೀಗೆ ಬದಲಾಗದೆ ಉಳಿದ ಗುರುತುಗಳನ್ನು ಹುಡುಕಿ ಒಂದೊಂದಾಗಿ ಹೊಂದಿಸಬೇಕು.

ನೆಲವೂ ಬದಲಾಗುತ್ತಿದೆ. 1971ರಿಂದ 1973ರವರೆಗಿನ ರಾಷ್ಟ್ರೀಕರಣದ ನಂತರ ತೆರೆದ ಗಣಿಗಳು ಹೆಚ್ಚಿದವು. ದಿಣ್ಣೆಯಿದ್ದಲ್ಲಿ ಆಳವಾದ ಗುಂಡಿ, ಗದ್ದೆಯಿದ್ದಲ್ಲಿ ಅಗೆದ ಮಣ್ಣಿನ ಗುಡ್ಡ. ಹಳ್ಳಗಳು ದಾರಿ ಬದಲಿಸಿವೆ. ಉಪಗ್ರಹಗಳ ಉಷ್ಣಚಿತ್ರಗಳು ನೆಲದಡಿಯ ಬೆಂಕಿಯ ಕಾವನ್ನು ತೋರಿಸುತ್ತವೆ, ಆದರೆ ಯಾವ ಹಳೆಯ ಸುರಂಗದ ಮೂಲಕ ಆ ಬೆಂಕಿಗೆ ಗಾಳಿ ಸಿಗುತ್ತಿದೆ ಎಂದು ಹೇಳಲಾರವು. ಅದನ್ನು ಹೇಳಬಲ್ಲದ್ದು ಹಳೆಯ ಹಾಳೆ.

ಅಪಾಯದ ಜಾಗಗಳಿಂದ ಜನರನ್ನು ಬೇರೆಡೆಗೆ ಸಾಗಿಸುವ ಝರಿಯಾ–ರಾಣಿಗಂಜ್ ಮಾಸ್ಟರ್ ಪ್ಲಾನಿಗೆ ಕೇಂದ್ರ ಸರ್ಕಾರ 2009ರಲ್ಲಿ ಒಪ್ಪಿಗೆ ಕೊಟ್ಟಿತು. ಝರಿಯಾದಲ್ಲಿ ಗುರುತಿಸಿದ ಜಾಗಗಳೇ 595. ಧನಬಾದಿನ ಹೊರವಲಯದ ಬೆಲ್ಗಡಿಯಾದಲ್ಲಿ ಹೊಸ ಮನೆಗಳು ಎದ್ದಿವೆ. ಊರು ಬಿಡಿ ಎಂದು ಹೇಳಿಸಿಕೊಳ್ಳುವ ಕುಟುಂಬ ಕೇಳುವ ಮೊದಲ ಪ್ರಶ್ನೆ, ನಮ್ಮ ಮನೆಯ ಕೆಳಗೆ ನಿಜಕ್ಕೂ ಏನಿದೆ ಎಂಬುದು. ಅದಕ್ಕೆ ಅವರ ಕೈಯಲ್ಲಿಟ್ಟು ತೋರಿಸಬಲ್ಲ ಒಂದು ಹಾಳೆ ಬೇಕು. ಬರಿಯ ಆಜ್ಞೆಯಿಂದ ನಂಬಿಕೆ ಹುಟ್ಟುವುದಿಲ್ಲ.

ನಮಗೇಕೆ ಈ ಮಾತು

ಕನ್ನಡ ನಾಡಿನಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ಆದರೂ ಈ ಮಾತು ನಮ್ಮದು. 1985ರಲ್ಲಿ ಮೊದಲ ಘಟಕ ಆರಂಭವಾದ ರಾಯಚೂರಿನ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರಕ್ಕೆ ಸಿಂಗರೇಣಿ ಮೊದಲಾದ ಗಣಿಗಳಿಂದ ಕಲ್ಲಿದ್ದಲು ಬರುತ್ತದೆ. ನಮ್ಮ ಮನೆಗಳ ಬೆಳಕಿಗೆ ಬೇರೆ ಯಾರದೋ ಊರಿನ ನೆಲ ಟೊಳ್ಳಾಗಿದೆ. ಆ ಊರಿನವರಿಗೆ ತಮ್ಮ ನೆಲದ ಕೆಳಗೆ ಏನಿದೆ ಎಂದು ತಿಳಿಯುವ ಹಕ್ಕಿದೆ ಎಂದು ಒತ್ತಿ ಹೇಳುವುದು ಬೆಳಕು ಪಡೆದವರ ಕರ್ತವ್ಯ.

ಆಗಬೇಕಾದ ಕೆಲಸ ಅಸಾಧ್ಯವಾದದ್ದಲ್ಲ. ದಾರಿ ಅರ್ಧ ತೆರೆದಿದೆ. ಭಾರತೀಯ ಸರ್ವೇಕ್ಷಣ ಇಲಾಖೆ 2017ರಿಂದ ತನ್ನ 1:50,000 ಪ್ರಮಾಣದ ಸಾರ್ವಜನಿಕ ಹಾಳೆಗಳನ್ನು ದೇಶದ ನಾಗರಿಕರಿಗೆ ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತಿದೆ. 2021ರಲ್ಲಿ ನಕ್ಷೆಗಳ ಮೇಲಿನ ಹಲವು ನಿರ್ಬಂಧಗಳು ಸಡಿಲವಾದವು. ಇನ್ನುಳಿದ ಅರ್ಧವೆಂದರೆ ಭೂವೈಜ್ಞಾನಿಕ ನಕ್ಷೆ, ಮೌಜಾ ನಕ್ಷೆ, ಗಣಿ ನಕ್ಷೆಗಳನ್ನು ಅದೇ ಹಾಳೆಯ ಮೇಲೆ ತರುವುದು. ನಿವೃತ್ತ ಗಣಿ ಕಾರ್ಮಿಕರು, ಹಳೆಯ ಸರ್ವೇಯರುಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಯಾವ ಸುರಂಗ ಎಲ್ಲಿಯವರೆಗೆ ಹೋಗಿತ್ತೆಂಬ ಅವರ ನೆನಪನ್ನು ಊರೂರಿನಲ್ಲಿ ದಾಖಲಿಸುವುದು. ಕೆರೆ ಇಂಗಿದ್ದನ್ನು, ಗೋಡೆ ಬಿರಿದದ್ದನ್ನು ಕಂಡ ರೈತನ ಮಾತಿಗೂ ಆ ಹಾಳೆಯಲ್ಲಿ ಗುರುತು ಕೊಡುವುದು. ಬಂಗಾಳಿ, ಹಿಂದಿ, ಸಂತಾಲಿಗಳಲ್ಲಿ ಅದನ್ನು ಅಚ್ಚು ಮಾಡಿಸುವುದು.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೋರಿಕೆ. ಟೋಪೋಶೀಟ್ ಓದುವುದನ್ನು ಪ್ರಾಯೋಗಿಕ ಪರೀಕ್ಷೆಯ ಅಂಕಕ್ಕೆ ಮುಗಿಸಬೇಡಿ. ಒಂದೇ ನೆಲದ ಹಳೆಯ ಹಾಳೆ, ಹೊಸ ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಏನು ಸೇರಿತು, ಏನು ಕಳೆಯಿತು, ಯಾರು ಬರೆಸಿದರು, ಯಾರನ್ನು ಬಿಟ್ಟರು ಎಂದು ಕೇಳಿ. ಬಳ್ಳಾರಿ–ಸಂಡೂರಿನ ಅದಿರು ಬೆಟ್ಟಗಳ ಹಾಳೆಗಳಲ್ಲೂ ಕೋಲಾರದ ಚಿನ್ನದ ಗಣಿಯ ಹಾಳೆಗಳಲ್ಲೂ ಇದೇ ಪ್ರಶ್ನೆ ನಿಮಗಾಗಿ ಕಾದಿದೆ.

ಗಣಿಯನ್ನು ಕೈಬಿಡುವ ಮಾಲೀಕ ಅದರ ನಕ್ಷೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ಇಂದಿನ ಕಾನೂನು ಹೇಳುತ್ತದೆ. ಅದರ ಒಂದು ಪ್ರತಿಯನ್ನು ಆ ಊರಿನ ಗ್ರಾಮಸಭೆಗೂ ಒಪ್ಪಿಸಬೇಕು ಎಂಬ ಸಾಲನ್ನು ಆ ಕಾನೂನಿಗೆ ಸೇರಿಸಬೇಕು. ಈ ಒಂದು ಬೇಡಿಕೆಗೆ ನಿಮ್ಮೆಲ್ಲರ ದನಿ ಕೂಡಲಿ.